ಇಳಕಲಿನ ಗೇರು

ಕಮಲಾಪುರಕ್ಕೆ ಆ ಗೇರಿನ ಸೈಕಲ್ಲು ಬಂದದ್ದು ಬಸ್ಸಿನ ನೆತ್ತಿಯ ಮೇಲೆ ಮಲಗಿಕೊಂಡು. ದೌಲಪ್ಪ ಕಲಬುರಗಿಗೆ ಕಣ್ಣು ತೋರಿಸಲು ಹೋದವನು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಐವಾನ್-ಎ-ಶಾಹಿ ಹತ್ತಿರ ತನ್ನ ಹಳೆಯ ಲಾರಿ ಮಾಲಕರ ಮನೆಗೆ ಹೋಗಿದ್ದ. ಮಾಲಕರ ಮೊಮ್ಮಗಳಿಗೆ ಮೊಪೆಡ್ ಬಂದ ಮೇಲೆ ಅವಳ ಸೈಕಲ್ಲು ಕಾಂಪೌಂಡಿನ ಗೋಡೆಗೆ ಆತು ನಿಂತಲ್ಲೇ ತುಕ್ಕು ಹಿಡಿಯುತ್ತಿತ್ತು.

"ನಿನ್ನ ಮಗಳು ಅಂಗನವಾಡಿಗೆ ನಡಕೋತ ಹೋಗತಾಳಂತಲ್ಲ. ಒಯ್ಯಿ. ನಮ್ಮಲ್ಲಿ ಯಾರೂ ಮುಟ್ಟಂಗಿಲ್ಲ" ಎಂದರು ಮಾಲಕರು.

ಆ ಸಂಜೆ ಬಸ್‌ಸ್ಟ್ಯಾಂಡಿನಿಂದ ಸೈಕಲ್ಲು ನೂಕಿಕೊಂಡು ಬಂದ ದೌಲಪ್ಪ ಅಂಗಳದಲ್ಲಿ ಅದನ್ನು ನಿಲ್ಲಿಸಿ, ಅದರ ಗುಣಗಾನ ಶುರುಮಾಡಿದ. ಕಣ್ಣಿನ ಸುದ್ದಿ ಎತ್ತಲೇ ಇಲ್ಲ. ಹೆಂಡತಿ ಶಂಕ್ರಮ್ಮ ಬಾಯಿಬಿಟ್ಟು ಕೇಳಿದ ಮೇಲೆ, "ಸಕ್ಕರಿ ಬ್ಯಾನಿ ಕಣ್ಣು ತಿಂದದಂತ. ಇದ್ದಷ್ಟು ಇರತದ, ಅದೂ ಹೋಗತದ. ಮುಂದ ಲಾರಿ ಮಾತು ತಗೀಬ್ಯಾಡ ಅಂದಾರ" ಎಂದು ಹೇಳಿ ಮತ್ತೆ ಸೈಕಲ್ಲಿನ ಕಡೆ ತಿರುಗಿದ. ಮಗಳು ಜಯದೇವಿ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಬೊಂಬಾಯಿ, ಹೈದರಾಬಾದ, ಸೊಲ್ಲಾಪುರ ಎಂದು ಹಗಲಿರುಳು ಲಾರಿ ಓಡಿಸಿದ ಮನುಷ್ಯ. ಊರಿನ ಡ್ರೈವರ್ ಹುಡುಗರೆಲ್ಲ ಇವನ ಕೈಯಲ್ಲಿ ಕಲಿತವರು. ಇನ್ನು ಇವನು ದಿನವಿಡೀ ಕಟ್ಟೆಯ ಮೇಲೆ ಕೂತು ಏನು ಮಾಡಬೇಕು ಎಂದು ಅವಳು ಯೋಚಿಸಿದಳು.

ಏನು ಮಾಡಬೇಕೆಂಬುದು ಮರುದಿನವೇ ಗೊತ್ತಾಯಿತು. ದೌಲಪ್ಪ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹಿಂದಿನ ಗಾಲಿಯ ನಡುವೆ ಒಂದರ ಮಗ್ಗುಲಿಗೊಂದು ಜೋಡಿಸಿದ್ದ ಹಲ್ಲಿನ ಚಕ್ರಗಳನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಅವು ಐದಿದ್ದವು, ತಟ್ಟೆಯಷ್ಟು ದೊಡ್ಡದರಿಂದ ಹಿಡಿದು ಬಿಲ್ಲೆಯಷ್ಟು ಸಣ್ಣದರವರೆಗೆ. ಹ್ಯಾಂಡಲ್ಲಿನ ಕೆಳಗಿದ್ದ ಕಡ್ಡಿಯನ್ನು ಎಳೆದರೆ ಚೈನು ಕಟಕಟ ಎಂದು ಒಂದರಿಂದ ಇನ್ನೊಂದಕ್ಕೆ ಹತ್ತುತ್ತಿತ್ತು.

"ಇಲ್ಲಿ ಬಾ ಮಗಳ. ಈ ದೊಡ್ಡದು ಅದ ನೋಡು, ಇದು ಫಸ್ಟು. ಈ ಸಣ್ಣದು ಟಾಪು."

"ದೊಡ್ಡದು ಟಾಪ್ ಇರಬೇಕಲ್ಲಪ್ಪಾ?"

"ಎಲ್ಲಾರೂ ಹಂಗೇ ತಿಳೀತಾರ. ದೊಡ್ಡದರ ಮ್ಯಾಲೆ ಚೈನ್ ಇತ್ತಂದ್ರ ನೀ ಎಷ್ಟು ತುಳದ್ರೂ ಗಾಲಿ ಸಾವಕಾಶ ತಿರುಗತದ. ಕಾಲಿಗೆ ಹಗುರ. ಭಾರ ಎಳೀಲಾಕ, ಏರು ಹತ್ತಲಾಕ ಇದು. ಸಣ್ಣದಕ್ಕ ಹಾಕಿದಿ ಅಂದ್ರ ಒಂದೇ ತುಳಿತಕ್ಕ ಗಾಡಿ ಮುಂದ ಜಿಗೀತದ, ಖರೆ, ಕಾಲಿನ ಜೀವ ಹೋಗತದ. ಲಾರಿಗೂ ಹಿಂಗೇ."

ಜಯದೇವಿ ಮಕ್ಕಳಿಗೆ ಕಲಿಸುತ್ತಿದ್ದ ಅಂಗನವಾಡಿ ಇದ್ದದ್ದು ಕೆಂಪು ಮಣ್ಣಿನ ದಿನ್ನೆಯೊಂದನ್ನು ದಾಟಿದ ಮೇಲಿನ ತಾಂಡಾದಲ್ಲಿ. ಗಂಡ ತೀರಿಕೊಂಡು ತವರಿಗೆ ಬಂದಾಗಿನಿಂದ ಆ ಕೆಲಸವೇ ಅವಳಿಗೆ ಆಧಾರ. ಅತ್ತ ಬಸ್ಸಿಲ್ಲ. ಸಣ್ಣವಳಿದ್ದಾಗ ಸೈಕಲ್ಲು ಹೊಡೆಯಲು ಕಲಿತಿದ್ದಳು, ಆದರೆ ಗೇರು ಅವಳಿಗೂ ಹೊಸದು, ಊರಿಗೂ ಹೊಸದು. ಮೊದಲ ದಿನ ಟಾಪಿನಲ್ಲೇ ಹೊರಟು ದಿನ್ನೆಯ ಬುಡದಲ್ಲಿ ಕಾಲು ಬಿಗಿದು ನಿಂತಳು. ಎರಡನೇ ದಿನ ಫಸ್ಟಿನಲ್ಲೇ ಓಣಿಯಿಂದ ಹೊರಟಳು. ಶಂಕ್ರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಏನ ಜಯಾ, ಕಾಲು ಭರಭರ ತಿರುಗತಾವ, ಗಾಡಿ ಅಲ್ಲೇ ನಿಂತದ. ಹಿಟ್ಟಿನ ಗಿರಣಿ ನಡಸಾಕತ್ತೀಯೇನು?"

"ನೀ ಬಂದು ಹೊಡಿ ಯವ್ವಾ, ನೋಡ್ತೀನಿ."

"ನಾ ಬಂದ್ರ ಹಿಂದ ಕೂಡವಳು. ಹೊಡಿಯಾಕ ನೀ ಇದ್ದೀಯಲ್ಲ."

ಬರಬರುತ್ತ ಜಯದೇವಿಗೆ ಹದ ಸಿಕ್ಕಿತು. ಹದವೆಂದರೆ ಕಾಲು ಒಂದೇ ಸಮನೆ ತಿರುಗುತ್ತಿರಬೇಕು, ಉಸಿರು ಕೆಡಬಾರದು. ಗಾಳಿ ಎದುರಾದರೆ ಒಂದು ಇಳಿಸುವುದು, ಬೆನ್ನಿಗೆ ಬಂದರೆ ಒಂದು ಏರಿಸುವುದು. ಎಲ್ಲಕ್ಕಿಂತ ದೊಡ್ಡ ಪಾಠ ದಿನ್ನೆಯದು. "ಏರಿನ್ಯಾಗ ಸಿಕ್ಕೊಂಡ ಮ್ಯಾಲೆ ಗೇರ್ ಹುಡುಕವ ಡ್ರೈವರ್ ಅಲ್ಲ" ಎನ್ನುತ್ತಿದ್ದ ದೌಲಪ್ಪ. "ಏರು ಕಣ್ಣಿಗೆ ಬಿತ್ತಲ್ಲ, ಆವಾಗೇ ಬದಲಿಸಬೇಕು, ಕಾಲಿನ್ಯಾಗ ಇನ್ನೂ ತಾಕತ್ತು ಇರತದ. ಕಾಲು ಬಿಗಿದ ಮ್ಯಾಲೆ ಕಡ್ಡಿ ಎಳದ್ರ ಚೈನ್ ಹಲ್ಲು ಕಡದು ಕೆಳಗ ಬೀಳತದ." ಅವನು ಹೇಳಿದಂತೆ, ಬೇವಿನ ಮರದ ಹತ್ತಿರವೇ ಎರಡಕ್ಕೆ, ಕಲ್ಲುಬಂಡೆಯ ಹತ್ತಿರ ಒಂದಕ್ಕೆ ಇಳಿಸಿದರೆ ಆ ದಿನ್ನೆ ಅಂಗಳದ ಕಟ್ಟೆ ಹತ್ತಿದಷ್ಟು ಸಲೀಸಾಯಿತು. ಇಳಿದು ನೂಕಿಕೊಂಡು ಹೋಗುತ್ತಿದ್ದ ಗಂಡಸರನ್ನು ಹಿಂದೆ ಹಾಕಿ ಕೂತುಕೊಂಡೇ ಏರುವಾಗ ಅವಳಿಗೆ ಒಳಗೊಳಗೇ ಹಿಗ್ಗಾಗುತ್ತಿತ್ತು. ಗಂಡ ಸತ್ತ ಮೇಲೆ ಅಂಥದ್ದೊಂದು ಹಿಗ್ಗು ತನಗೆ ಬಂದೀತೆಂದು ಅವಳು ಎಣಿಸಿರಲಿಲ್ಲ.

ದೌಲಪ್ಪನ ಕಣ್ಣು ನೆರಳಷ್ಟೇ ಹಿಡಿಯುವ ಹಾಗಾಯಿತು. ಕಿವಿ ಮಾತ್ರ ಚುರುಕಾಯಿತು. ಸಂಜೆ ಅವಳು ಓಣಿ ತಿರುಗಿದ ಕೂಡಲೇ ಕಟ್ಟೆಯ ಮೇಲಿಂದ ಕೂಗುತ್ತಿದ್ದ. "ಮೂರರಾಗ ಬಂದಿ. ಈ ಮಣ್ಣಿನ್ಯಾಗ ಎರಡು ಇರಬೇಕು." ಪಕ್ಕ ಕೂತ ಡ್ರೈವರುಗಳು ಇಣುಕಿ ನೋಡಿ, "ಹೌದ್ರೀ ದೌಲಪ್ಪಣ್ಣ, ಮೂರರಾಗೇ ಅದ" ಎಂದು ತಲೆದೂಗುತ್ತಿದ್ದರು. ಅವನ ಮುಖ ಅರಳುತ್ತಿತ್ತು. ಆ ಮುಖಕ್ಕಾಗಿ ಜಯದೇವಿ ಒಮ್ಮೊಮ್ಮೆ ಬೇಕೆಂದೇ ತಪ್ಪು ಗೇರಿನಲ್ಲಿ ಓಣಿಗೆ ಬರುತ್ತಿದ್ದಳು.

ಇಳಕಲಿನ, ಅಂದರೆ ದಿನ್ನೆ ಇಳಿಯುವಾಗಿನ, ಪಾಠವನ್ನೂ ಅವನೇ ಹೇಳಿಕೊಟ್ಟ.

"ಘಾಟಿನ್ಯಾಗ ಸತ್ತವರೆಲ್ಲಾ ನ್ಯೂಟ್ರಲ್ ಮಾಡಿ ಇಳದವರೇ ನೋಡು. ಡೀಸಲ್ ಉಳಸತೀನಿ ಅಂತ ಗಾಡಿ ಬಿಟ್ಟುಬಿಡತಾರ, ಬ್ರೇಕ್ ಒತ್ತಿ ಒತ್ತಿ ಕಾಯತದ, ಕಾದ ಬ್ರೇಕ್ ಹಿಡಿಯಂಗಿಲ್ಲ. ಯಾವ ಗೇರಿನ್ಯಾಗ ಏರತೀ ಅದೇ ಗೇರಿನ್ಯಾಗ ಇಳೀಬೇಕು. ಗೇರೇ ಗಾಡಿನ ಹಿಡಕೊಂಡಿರತದ."

"ಸೈಕಲ್ಲಿಗೂ?"

"ಸಾದಾ ಸೈಕಲ್ಲಿಗೆ ಗೇರೇ ಇಲ್ಲ. ಅದು ಹುಟ್ಟಾ ನ್ಯೂಟ್ರಲ್. ಅದಕ್ಕೇ ಬ್ರೇಕ್ ಬೇಕು. ಇದಕ್ಕ ಗೇರ್ ಅದ ಅಲ್ಲ? ಇಳಕಲ್ ಶುರು ಆಗೋಕಿಂತ ಮೊದಲ ಫಸ್ಟಿಗೆ ಹಾಕು, ಬ್ರೇಕ್ ಮುಟ್ಟಬ್ಯಾಡ."

ಜಯದೇವಿ ಹಾಗೆ ಮಾಡಿ ನೋಡಿದಳು. ತಾಂಡಾದಿಂದ ಬರುವಾಗ ದಿನ್ನೆಯ ತುದಿಯಲ್ಲಿ ಫಸ್ಟಿಗೆ ಹಾಕಿ ಬಿಟ್ಟಳು. ಪೆಡಲ್ಲು ಕಾಲ ಕೆಳಗೆ ಖಾಲಿ ಆಡಿತು, ಗಾಲಿ ತನ್ನ ಪಾಡಿಗೆ ಓಡಿತು. ಹೆದರಿ ಬ್ರೇಕು ಹಿಡಿದು ಇಳಿದಳು. ಮನೆಗೆ ಬಂದು ಹೇಳಿದಳು, "ಅಪ್ಪಾ, ಅದು ಹಿಡದಂಗ ಅನಸಲಿಲ್ಲ."

ದೌಲಪ್ಪ ನಕ್ಕ. "ನೀ ಒಬ್ಬಾಕಿ ಹಕ್ಕಿಯಂಗ ಇದ್ದಿ, ಖಾಲಿ ಗಾಡಿ. ಅರ್ಧಾ ಇಳಕಲಿನ್ಯಾಗೇ ಬ್ರೇಕ್ ಹಿಡದಿ. ಗೇರಿಗೆ ಎಲ್ಲಿ ಅವಕಾಶ ಕೊಟ್ಟಿ? ಭಾರ ಇರಬೇಕು, ಓಟ ಬರಬೇಕು, ಆಗ ಹಿಡೀತದ. ಲಾರಿನೂ ಖಾಲಿ ಇದ್ದಾಗ ತಿಳಿಯಂಗಿಲ್ಲ."

ಅವನು ಹೇಳಿದ ಏರಿನ ಮಾತೆಲ್ಲ ನಿಜವಾಗಿತ್ತು. ಕಿವಿಯಿಂದಲೇ ಗೇರು ಹೇಳುವ ಮನುಷ್ಯ. ಜಯದೇವಿ ತನ್ನ ಕಾಲಿಗೆ ಅನಿಸಿದ್ದನ್ನು ಬಿಟ್ಟು ಅವನ ಮಾತನ್ನು ನಂಬಿದಳು. ಆದರೂ ದಿನವೂ ಒಬ್ಬಳೇ ಇಳಿಯುವಾಗ ಕೈ ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಖಾಲಿ ಗಾಡಿ ತಾನೇ, ನಡೆಯುತ್ತದೆ ಎಂದುಕೊಳ್ಳುತ್ತಿದ್ದಳು.

ಶ್ರಾವಣದಲ್ಲಿ ಅಂಗನವಾಡಿಯ ಅಡಿಗೆಯವಳು ಜ್ವರ ಬಂದು ಮಲಗಿದಳು. "ಮಕ್ಕಳು ಉಪವಾಸ ಇರಬೇಕೇನು? ನಾ ಬರ್ತೀನಿ ನಡಿ, ಉಪ್ಪಿಟ್ಟು ಮಾಡಿ ಹಾಕ್ತೀನಿ" ಎಂದು ಶಂಕ್ರಮ್ಮ ಕ್ಯಾರಿಯರಿನ ಮೇಲೆ ಕೂತಳು. ಹೋಗುವಾಗ ಏರಿನಲ್ಲಿ ಇಳಿದು ನಡೆದಳು. ಬರುವಾಗ ತಾಂಡಾದ ಹೆಂಗಸೊಬ್ಬಳು ಹಸಿ ಶೇಂಗಾದ ಗಂಟು ಕಟ್ಟಿ ಕೊಟ್ಟಳು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಶಂಕ್ರಮ್ಮ ಒಂದು ಕೈಯಿಂದ ಮಗಳ ನಡು ಹಿಡಿದಳು.

ದಿನ್ನೆಯ ತುದಿಯಲ್ಲಿ ಜಯದೇವಿ ಕಡ್ಡಿ ಎಳೆದು ಫಸ್ಟಿಗೆ ಹಾಕಿದಳು. ಇವತ್ತು ಭಾರವಿತ್ತು. ಇವತ್ತು ಬ್ರೇಕು ಹಿಡಿದರೆ ಕಾಯುತ್ತದೆ, ಕಾದರೆ ಹಿಡಿಯುವುದಿಲ್ಲ. ಅವಳು ಬೆರಳುಗಳನ್ನು ಬ್ರೇಕಿನಿಂದ ತೆಗೆದು ಹ್ಯಾಂಡಲ್ಲಿಗೆ ಸುತ್ತಿದಳು.

ಸೈಕಲ್ಲು ಓಟ ಹಿಡಿಯಿತು. ಪೆಡಲ್ಲು ಖಾಲಿ ಆಡುತ್ತಿತ್ತು. ಈಗ ಹಿಡಿಯುತ್ತದೆ ಎಂದುಕೊಂಡಳು. ಕಲ್ಲುಬಂಡೆ ಹಿಂದೆ ಹೋಯಿತು. ಇನ್ನೂ ಸ್ವಲ್ಪ ಓಟ ಬರಬೇಕೇನೋ, ಈಗ ಹಿಡಿಯುತ್ತದೆ. ಬೆನ್ನ ಹಿಂದಿನಿಂದ ಅವ್ವ, "ಬ್ರೇಕ್ ಹಿಡಿ ಜಯಾ" ಎಂದಳು.

"ಅಪ್ಪ ಮುಟ್ಟಬ್ಯಾಡ ಅಂದಾನ ಯವ್ವಾ."

"ಅಂವ ಎಲ್ಲೆದಾನ ಇಲ್ಲಿ? ಹಿಡಿ."

ಬೇವಿನ ಮರದ ಕೆಳಗೆ ದಾರಿ ಬಲಕ್ಕೆ ತಿರುಗುತ್ತದೆ. ಅಲ್ಲೊಂದು ಸಿಡಿ, ಹಳ್ಳದ ನೀರು ಹಾಯಲು ಕಟ್ಟಿದ ಕಲ್ಲಿನ ಸಣ್ಣ ಸೇತುವೆ. ಅದು ಎದುರಿಗೆ ಬಂದಾಗ ಜಯದೇವಿ ಎರಡೂ ಬ್ರೇಕುಗಳನ್ನು ಒಮ್ಮೆಲೇ ಹಿಡಿದಳು. ಮುಂದಿನ ಗಾಲಿ ನೆಟ್ಟು ನಿಂತಿತು. ಶೇಂಗಾ ಚೆಲ್ಲಿದ ಸದ್ದು ಅವಳಿಗೆ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಜೀಪಿನಲ್ಲಿ ಕಲಬುರಗಿಗೆ ಒಯ್ಯುವ ದಾರಿಯಲ್ಲೇ ಶಂಕ್ರಮ್ಮ ಹೋದಳು. ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ಜಯದೇವಿಯ ಮುರಿದ ಕೈಗೆ ಪಟ್ಟಿ ಹಾಕಿದರು. ಅವ್ವನ ಮಣ್ಣಿಗೆ ಅವಳು ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಬಂದಳು.

ಡ್ರೈವರುಗಳು ಜಾಗ ನೋಡಿ ಬಂದಿದ್ದರು. ಸಿಡಿಯ ಮುಂದೆ ದಾರಿಯ ಮಣ್ಣಿನ ಮೇಲೆ ಟಾಯರು ಉಜ್ಜಿದ ಗೆರೆ ಇದೆಯೆಂದು ಅವರು ದೌಲಪ್ಪನಿಗೆ ಹೇಳಿದರು. ಅವನು ಬಂದವರ ಮುಂದೆಲ್ಲ ಒಂದೇ ಮಾತು ಆಡಿದ. "ಬ್ರೇಕ್ ಹಿಡದಾಳ. ಮುಟ್ಟಬ್ಯಾಡ ಅಂತ ಎಷ್ಟು ಸಲ ಹೇಳಿದ್ದೆ. ಅಂಜಿ ಹಿಡದಾಳ."

ಊರೂ ಅದನ್ನೇ ಆಡಿತು. ಜಯದೇವಿ ನೀರಿಗೆ ಹೋದರೆ ನಲ್ಲಿಯ ಹತ್ತಿರ ಮಾತು ನಿಲ್ಲುತ್ತಿತ್ತು. ಒಬ್ಬ ಮುದುಕಿ ಮುಖಕ್ಕೇ ಹೇಳಿದಳು, "ಗಂಡನ್ನೂ ತಿಂದಿ, ತಾಯಿನ್ನೂ ತಿಂದಿ." ಜಯದೇವಿ ಕೊಡ ಎತ್ತಿಕೊಂಡು ಬಂದಳು.

ಕೈ ಕೂಡಿದ ಮೇಲೆ ಅವಳು ಸೈಕಲ್ಲನ್ನು ರಿಪೇರಿಯ ಮಕ್ಸೂದನ ಅಂಗಡಿಗೆ ನೂಕಿಕೊಂಡು ಹೋದಳು. ಮಕ್ಸೂದ ಅದನ್ನು ತಲೆಕೆಳಗು ನಿಲ್ಲಿಸಿ, ಡೊಂಕಾದ ಹಿಂದಿನ ಗಾಲಿಯನ್ನು ತಿರುಗಿಸಿ ನೋಡುತ್ತಿದ್ದ. ಗಾಲಿ ಗಿರ್ರನೆ ತಿರುಗುತ್ತಿತ್ತು. ಪೆಡಲ್ಲು ಕದಲದೆ ನಿಂತಿತ್ತು.

"ಈಗ ಯಾವ ಗೇರಿನ್ಯಾಗ ಅದ ಭೈಯಾ?"

"ದೊಡ್ಡದರ ಮ್ಯಾಲೆ ಅದ ನೋಡ್ರಿ ಅಕ್ಕಾ."

"ಮತ್ತ ಗಾಲಿ ನಿಲ್ಲವಲ್ದಲ್ಲ. ಗೇರ್ ಹಿಡಿಯಂಗಿಲ್ಲೇನು?"

"ಅದು ಹ್ಯಾಂಗ ಹಿಡೀತದ್ರಿ? ಲಾರಿದಾಗ ಇಂಜಿನ್ ಇರತದ, ಅದು ಹಿಡೀತದ. ಇದಕ್ಕ ಇಂಜಿನ್ ಅಂದ್ರ ನಿಮ್ಮ ಕಾಲು. ಮುಂದಕ್ಕ ನೂಕತದ, ಹಿಂದಕ್ಕ ಎಳಿಯಂಗಿಲ್ಲ. ಯಾವ ಗೇರಿದ್ರೂ ಇಳಕಲಿನ್ಯಾಗ ಬ್ರೇಕೇ ಗತಿ." ಅವನು ಗಾಲಿ ನಿಲ್ಲಿಸಿ ಅವಳ ಮುಖ ನೋಡಿದ. "ಯಾಕ್ರಿ ಅಕ್ಕಾ?"

"ಸುಮ್ಮ ಕೇಳಿದೆ" ಎಂದಳು.

ಮನೆಗೆ ಬಂದು ಅವಳು ಸೈಕಲ್ಲನ್ನು ದನದ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದಿಸಿ ನಿಲ್ಲಿಸಿದಳು. ತಾಂಡಾಕ್ಕೆ ನಡೆದೇ ಹೋದಳು. ಅಪ್ಪನಿಗೆ ಹೇಳಲಿಲ್ಲ. ಹೇಳಲು ಹೊರಟ ದಿನವೂ ಇತ್ತು. ರೊಟ್ಟಿ ಬಡಿಯುತ್ತ ಮಾತು ನಾಲಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಹೊರಗಿನಿಂದ ಯಾವನೋ ಹುಡುಗ ಬಂದು, "ದೌಲಪ್ಪಣ್ಣ, ನನ್ನ ಗಾಡಿ ಘಾಟಿನ್ಯಾಗ ಕುಂಯ್ ಅಂತದ, ಜರಾ ಬಂದು ಕೇಳ್ರಿ" ಎಂದ. ದೌಲಪ್ಪ ಗೋಡೆ ಹಿಡಿದುಕೊಂಡು ಎದ್ದ, ಹುಡುಗನ ಭುಜದ ಮೇಲೆ ಕೈಯಿಟ್ಟು ಹೋದ. ಕಣ್ಣು ಹೋಗಿತ್ತು, ಹೆಂಡತಿ ಹೋಗಿದ್ದಳು. ಗಾಡಿಯ ವಿದ್ಯೆಯೊಂದು ಉಳಿದಿತ್ತು. ಅದನ್ನು ತಾನು ಕಿತ್ತುಕೊಳ್ಳುವುದು ಬೇಡ, ಊರು ತನ್ನನ್ನೇ ಅನ್ನಲಿ ಎಂದು ಜಯದೇವಿ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು.

ಹೀಗೆ ಎರಡು ಬೇಸಿಗೆ ಕಳೆದವು. ಅಂಗನವಾಡಿಯ ಅಡಿಗೆಗೆ ಪಕ್ಕದ ಮನೆಯ ಮೆಹಬೂಬಿಯ ಮಗಳು ಸಕೀನಾ ನೇಮಕವಾದಳು. ಇಬ್ಬರೂ ಕೂಡಿ ನಡೆದು ಹೋಗುತ್ತಿದ್ದರು. ಒಂದು ಭಾನುವಾರ ಜಯದೇವಿ ಸಂತೆಯಿಂದ ಬಂದಾಗ ಅಂಗಳದಲ್ಲಿ ಸೈಕಲ್ಲು ನಿಂತಿತ್ತು. ಗೋಣಿಚೀಲ ಮೂಲೆಯಲ್ಲಿ ಬಿದ್ದಿತ್ತು. ಸಕೀನಾ ಸೀಟು ಒರೆಸುತ್ತಿದ್ದಳು. ದೌಲಪ್ಪ ಕಟ್ಟೆಯ ತುದಿಗೆ ಬಂದು ಕೂತಿದ್ದ. ಅವನ ಮುಖದಲ್ಲಿ ಹಳೆಯ ಕಳೆ ಇತ್ತು.

"ನಾನೇ ತಗಿಸಿದೆ" ಎಂದ ಅವನು, ಮಗಳ ಹೆಜ್ಜೆ ಗುರುತಿಸಿ. "ನೀನಂತೂ ಮುಟ್ಟಂಗಿಲ್ಲ. ಈ ಹುಡುಗಿ ನಾಳಿಂದ ಹೊಡಕೊಂಡು ಹೋಗ್ಲಿ. ದೊಡ್ಡದು ಯಾವುದಂದೆ ಬೇಟಿ?"

"ಫಸ್ಟು ಕಾಕಾ."

"ಏರಿನ್ಯಾಗ?"

"ಏರು ಕಂಡ ಕೂಡಲೇ ಬದಲಿಸಬೇಕು."

"ಶಾಬಾಶ್. ಇಳಕಲಿನ್ಯಾಗ?"

"ಫಸ್ಟಿಗೆ ಹಾಕಿ ಬಿಡಬೇಕು. ಬ್ರೇಕ್ ಮುಟ್ಟಬಾರದು."

"ಮುಟ್ಟಬಾರದು. ನಮ್ಮ ಜಯಾ ಮುಟ್ಟಿದಳು" ಎಂದ ದೌಲಪ್ಪ, ತಗ್ಗಿದ ದನಿಯಲ್ಲಿ. "ಹೇಳಿದಷ್ಟು ಕೇಳಿದ್ರ ಅವರವ್ವ ಇವತ್ತು ಇರತಿದ್ದಳು."

ಸಕೀನಾ ತಲೆ ತಗ್ಗಿಸಿದಳು. ಜಯದೇವಿ ಚೀಲ ಕೆಳಗಿಟ್ಟಳು. ಸಕೀನಾಳನ್ನು ಸೈಕಲ್ಲಿಂದ ತಡೆಯಲು ನೂರು ನೆಪ ಇದ್ದವು. ಟಾಯರು ಹಳೆಯದಾಗಿದೆ ಅನ್ನಬಹುದು, ಸೈಕಲ್ಲನ್ನೇ ಬಾವಿಗೆ ಹಾಕಿಬಿಡಬಹುದು. ಆದರೆ ಸಕೀನಾಳನ್ನು ತಡೆದರೆ ಇನ್ನೊಬ್ಬರು ಬರುತ್ತಾರೆ. ಈಗ ಊರಲ್ಲಿ ಗೇರಿನ ಸೈಕಲ್ಲುಗಳು ಬರತೊಡಗಿದ್ದವು, ಬಂದವರೆಲ್ಲ ಈ ಕಟ್ಟೆಗೇ ಕೇಳಲು ಬರುತ್ತಿದ್ದರು.

"ಸಕೀನಾ, ನೀ ಜರಾ ಮನಿಗೆ ಹೋಗು. ಆಮ್ಯಾಲೆ ಕರೀತೀನಿ."

ಹುಡುಗಿ ಹೋದ ಮೇಲೆ ಅವಳು ಸೈಕಲ್ಲನ್ನು ತಲೆಕೆಳಗು ಮಾಡಿ ಅಪ್ಪನ ಮುಂದೆ ನಿಲ್ಲಿಸಿದಳು. "ಕೈ ಕೊಡಪ್ಪಾ" ಎಂದು ಅವನ ಬಲಗೈಯನ್ನು ಪೆಡಲ್ಲಿನ ಮೇಲಿಟ್ಟಳು. "ಬಿಗಿಯಾಗಿ ಹಿಡಿ."

"ಏನು ಮಾಡಾಕತ್ತಿ?"

"ಫಸ್ಟಿನ್ಯಾಗ ಅದ. ಬೇಕಾದ್ರ ಮುಟ್ಟಿ ನೋಡು."

ಅವನು ಚೈನಿನ ಗುಂಟ ಎಡಗೈ ಆಡಿಸಿ ದೊಡ್ಡ ಚಕ್ರ ಮುಟ್ಟಿ, "ಹೌದು" ಎಂದ. ಜಯದೇವಿ ಹಿಂದಿನ ಗಾಲಿಯನ್ನು ಜೋರಾಗಿ ಮುಂದಕ್ಕೆ ತಿರುಗಿಸಿದಳು, ಇಳಕಲಿನಲ್ಲಿ ತಿರುಗುವಂತೆ. ಗಾಲಿಯ ಕಡ್ಡಿಗಳು ಗಾಳಿ ಸೀಳಿದವು. ದೌಲಪ್ಪ ಪೆಡಲ್ಲನ್ನು ಹಿಡಿದೇ ಇದ್ದ. ಅದು ಅವನ ಕೈಯನ್ನು ಎಳೆಯಲಿಲ್ಲ, ಗಾಲಿಯೂ ನಿಲ್ಲಲಿಲ್ಲ.

ಅವನ ಕಿವಿ ಗಾಲಿಯ ಕಡೆ ವಾಲಿತು. "ಭಾರ ಇಲ್ಲ" ಎಂದ.

"ಭಾರ ಇತ್ತಪ್ಪಾ ಆವತ್ತು."

ಅವಳು ಅವನ ಕೈಸಮೇತ ಪೆಡಲ್ಲನ್ನು ಒಂದು ಸುತ್ತು ತಿರುಗಿಸಿ, ಕಡ್ಡಿ ಬದಲಿಸಿ ಎರಡಕ್ಕೆ ಹಾಕಿದಳು, ಮತ್ತೆ ಗಾಲಿ ತಿರುಗಿಸಿದಳು. ಮೂರಕ್ಕೆ ಹಾಕಿದಳು. ನಾಲ್ಕಕ್ಕೆ ಹಾಕುವಾಗ ಅವನು, "ಸಾಕು" ಎಂದ. ಆದರೆ ಕೈ ತೆಗೆಯಲಿಲ್ಲ. ತಾನೇ ಇನ್ನೊಂದು ಕೈಯಿಂದ ಗಾಲಿ ಹುಡುಕಿ, ತಿರುಗಿಸಿ, ಬೆರಳಿಗೆ ಪೆಟ್ಟು ತಿಂದು, ಮತ್ತೆ ತಿರುಗಿಸಿದ. ಬಿಸಿಲು ಕಟ್ಟೆಯ ಮೇಲಕ್ಕೆ ಬಂತು. ಅವನು ತಿರುಗಿಸುತ್ತಲೇ ಇದ್ದ.

"ನೀ ಬ್ರೇಕ್ ಯಾವಾಗ ಹಿಡದಿ?"

"ಸಿಡಿ ಮುಂದ ಬಂದ ಮ್ಯಾಲೆ. ಅಲ್ಲಿತನಕ ಹಿಡೀತದ, ಹಿಡೀತದ ಅಂತ ಕುಂತಿದ್ದೆ."

"ಶಂಕ್ರಮ್ಮ ಏನರ ಅಂದಳೇನು, ಹಿಂದ ಕುಂತು?"

ಜಯದೇವಿ ಅವನ ಮುಖ ನೋಡಿದಳು. ಬೆಳ್ಳಗಾದ ಕಣ್ಣುಗಳು ಅವಳಿದ್ದ ಕಡೆ ಇರಲಿಲ್ಲ, ಸ್ವಲ್ಪ ಬದಿಗೆ, ಅಂಗಳದ ತುಳಸಿಯ ಕಡೆ ನೆಟ್ಟಿದ್ದವು.

"ಏನೂ ಅನ್ನಲಿಲ್ಲ. ಶೇಂಗಾ ಸುಲಕೋತ ಕುಂತಿದ್ದಳು."

ಅವನು ಪೆಡಲ್ಲು ಬಿಟ್ಟ. ಕೈಗೆ ಹತ್ತಿದ ಕರೇ ಎಣ್ಣೆಯನ್ನು ಧೋತರಕ್ಕೆ ಒರೆಸಿದ.

"ಇಷ್ಟು ದಿನ ಯಾಕ ಬಾಯಿ ಮುಚ್ಚಿಕೊಂಡು ಇದ್ದಿ?"

"ನಿನಗ ಅದೊಂದೇ ಉಳದಿತ್ತಪ್ಪಾ."

"ಮತ್ತ ಇವತ್ತು ಅದನ್ನೂ ತಗೊಂಡಿ" ಎಂದ ದೌಲಪ್ಪ. ಸಿಟ್ಟಿನಿಂದ ಅನ್ನಲಿಲ್ಲ. ಅಂಗಡಿಯವನು ಸಾಮಾನು ಮುಗಿದಿದೆ ಅನ್ನುವ ಹಾಗೆ ಅಂದ.

ಸಕೀನಾಳನ್ನು ಅವನೇ ಕೂಗಿ ಕರೆದ. "ಬೇಟಿ, ನಾ ಹೇಳಿದ ಏರಿನ ಮಾತು ಇಟ್ಟುಕೋ. ಇಳಕಲಿನ ಮಾತು ಸುಳ್ಳದ. ತುದಿಯಿಂದಲೇ ಎರಡೂ ಬ್ರೇಕ್ ಹಗುರಕ ಹಿಡಕೊಂಡು ಇಳಿ. ಉಳಿದದ್ದು ಜಯಾಗ ಕೇಳು." ಹುಡುಗಿ ಏನೂ ತಿಳಿಯದೆ ಇಬ್ಬರ ಮುಖ ನೋಡಿ, "ಹೂಂ ಕಾಕಾ" ಎಂದಳು.

ಮರುದಿನದಿಂದ ಅವನು ಕಟ್ಟೆಗೆ ಬರಲಿಲ್ಲ. ಡ್ರೈವರ್ ಹುಡುಗರು ಬಂದು ಕೂಗಿದರೆ ಒಳಗಿನಿಂದ, "ನನಗ ತಿಳಿಯಂಗಿಲ್ಲಪಾ, ಬ್ಯಾರೇದವರಿಗೆ ಕೇಳ್ರಿ" ಎನ್ನುತ್ತಿದ್ದ. ಇಳಕಲಿನ ಮಾತು ಸುಳ್ಳೆಂದು ಅವನೇ ಒಪ್ಪಿದ ಸುದ್ದಿ ಒಂದೆರಡು ದಿನದಲ್ಲಿ ಓಣಿ ಸುತ್ತಿ ನಲ್ಲಿಯವರೆಗೂ ಹೋಯಿತು. ಆ ಮುದುಕಿ ಜಯದೇವಿಯ ಕೊಡಕ್ಕೆ ಜಾಗ ಬಿಟ್ಟು ಕೊಟ್ಟಳು. ಜಯದೇವಿಗೆ ಅದರಿಂದ ಏನೂ ಅನಿಸಲಿಲ್ಲ. ಕೊಡ ತುಂಬಿಸಿಕೊಂಡು ಬಂದು, ಕತ್ತಲ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಅಪ್ಪನ ಮುಂದೆ ಚಹಾ ಇಟ್ಟಳು. ಓಣಿಯಲ್ಲಿ ಸಕೀನಾಳ ಸೈಕಲ್ಲು ಹಾದುಹೋಯಿತು, ಮಣ್ಣಿನಲ್ಲಿ ತಪ್ಪು ಗೇರಿನಲ್ಲಿ, ಚೈನು ಕರಕರ ಅನ್ನುತ್ತ. ಅವನು ಏನಾದರೂ ಅನ್ನುತ್ತಾನೇನೋ ಎಂದು ಅವಳು ಬಾಗಿಲಲ್ಲಿ ನಿಂತಳು. ಸದ್ದು ದೂರವಾಗುವ ತನಕ ನಿಂತಿದ್ದು, ಆರಿದ ಚಹಾವನ್ನು ಎತ್ತಿಕೊಂಡು ಕಾಯಿಸಲು ಒಲೆಯ ಕಡೆ ಹೋದಳು.